ನಿಮಗಿದು ಗೊತ್ತೇ? ಹದಿನಾರು ಪಿನ್ನುಗಳ ಆಚೀಚೆ

ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಆಸಿಲೋಸ್ಕೋಪಿನ ಹಸಿರು ಗೆರೆಯ ಮುಂದೆ ನಿಂತು ಜರ್ನಲ್ ತುಂಬಿಸಿದವರಲ್ಲಿ ಕೆಲವರಿಗಾದರೂ ‘ಆಪ್ಲ್ಯಾಬ್’ ಎಂಬ ಹೆಸರು ನೆನಪಿರುತ್ತದೆ. ಅದು ನವಿ ಮುಂಬೈಯ ಐರೋಲಿ ಕಡೆಯ ಹೆಸರು. ಪ್ರಭಾಕರ ದೇವಧರ್ 1962ರಲ್ಲಿ ಶುರುಮಾಡಿದ ಅಪ್ಲೈಡ್ ಎಲೆಕ್ಟ್ರಾನಿಕ್ಸ್ ಕಂಪನಿ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಬೆಳೆಯಿತು. ಮುಂದೆ ಐರೋಲಿಗೆ ಅಂಟಿಕೊಂಡಿರುವ ದಿಘಾದಲ್ಲೂ ನೆಲೆ ಮಾಡಿಕೊಂಡಿತು. ದಿಘಾಕ್ಕೂ ಐರೋಲಿಗೂ ಪಿನ್ ಕೋಡ್ ಒಂದೇ, 400708. ದೇವಧರ್ ಆಮೇಲೆ ಕೇಂದ್ರದ ಎಲೆಕ್ಟ್ರಾನಿಕ್ಸ್ ಆಯೋಗದ ಅಧ್ಯಕ್ಷರೂ ಆದರು.

ನಮ್ಮ ಲ್ಯಾಬುಗಳಲ್ಲಿದ್ದ ಆ ಆಸಿಲೋಸ್ಕೋಪುಗಳು ಟ್ರಾನ್ಸಿಸ್ಟರ್ ಕಾಲದವು. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ, ಒಬ್ಬ ಹುಡುಗ ಎತ್ತಬಹುದಾದ ತೂಕದಲ್ಲಿ. ಅವುಗಳ ಅಜ್ಜಂದಿರು ಬೇರೆ ಜಾತಿ. ಆ ಅಜ್ಜಂದಿರ ಮುಖದಿಂದ ಆಂಪ್ಲಿಫೈಯರನ್ನು ಕಳಚಿ ತೆಗೆಯಬಹುದಿತ್ತು, ಬೇರೊಂದನ್ನು ತೂರಿಸಬಹುದಿತ್ತು. ಈ ಸಲ ಅವುಗಳದ್ದೇ ಸುದ್ದಿ.

ಪರದೆಯ ಕೆಳಗೊಂದು ಚೌಕ ಬಾಯಿ. ಅದರೊಳಗೆ ಶೂ ಡಬ್ಬಿಯಷ್ಟು ದೊಡ್ಡ ಲೋಹದ ‘ಪ್ಲಗ್-ಇನ್’ ಪೆಟ್ಟಿಗೆಯನ್ನು ಜಾರಿಸಿ, ಅಡಿಯ ಗುಬಟನ್ನು ತಿರುಗಿಸಿ ಬಿಗಿದರೆ ಆಸಿಲೋಸ್ಕೋಪಿಗೆ ಹೊಸ ಕಣ್ಣು ಬಂದಂತೆ. ಅಮೆರಿಕದ ಒರೆಗಾನಿನ ಟೆಕ್ಟ್ರಾನಿಕ್ಸ್ ಕಂಪನಿ 1954ರಲ್ಲಿ 531 ಮತ್ತು 535 ಎಂಬ ಮಾಡೆಲುಗಳೊಂದಿಗೆ ಈ ಪದ್ಧತಿ ತಂದಿತು. ಹ್ಯೂಲೆಟ್-ಪ್ಯಾಕಾರ್ಡ್ 1956ರ ತನ್ನ 150ಎ ಮಾಡೆಲಿನಲ್ಲಿ ಅದೇ ಹಾದಿ ಹಿಡಿಯಿತು.

ಟೆಕ್ಟ್ರಾನಿಕ್ಸ್ ಆಗ ಎಂಟು ವರ್ಷದ ಕೂಸು. ಹೋವರ್ಡ್ ವೋಲಮ್ ಮತ್ತು ಜಾಕ್ ಮರ್ಡಾಕ್ 1946ರಲ್ಲಿ ಕಟ್ಟಿದ್ದು. ವೋಲಮ್ ಕಾಲೇಜಿನಲ್ಲಿದ್ದಾಗಲೇ ಸ್ವಂತ ಆಸಿಲೋಸ್ಕೋಪ್ ಮಾಡಿಕೊಂಡಿದ್ದ ಆಸಾಮಿ. ಯುದ್ಧಕಾಲದಲ್ಲಿ ಇಂಗ್ಲೆಂಡಿಗೆ ಹೋಗಿ ರೇಡಾರ್ ಕೆಲಸ ಮಾಡಿ ಬಂದವನು. 1947ರ ಅವರ ಮೊದಲ ಮಾಡೆಲ್ 511ರ ಬೆಲೆ 795 ಡಾಲರ್.

ಬೇರೆ ಬೇರೆ ಪ್ಲಗ್-ಇನ್ ಏಕೆ ಬೇಕಿತ್ತು? ಅಳೆಯುವವರ ಬೇಡಿಕೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ನರತಂತುವಿನ ಸಿಗ್ನಲ್ ನೋಡುವವನಿಗೆ ಮೈಕ್ರೋವೋಲ್ಟುಗಳ ಲೆಕ್ಕ. ವೇಗ ಎಷ್ಟಿದ್ದರೂ ನಡೆಯುತ್ತದೆ. ರೇಡಾರಿನವನಿಗೆ ವೇಗವೇ ಜೀವ. ಅವನ ಸಿಗ್ನಲ್ ಹೇಗೂ ದೊಡ್ಡದು. ಆ ಕಾಲದ ವಾಲ್ವುಗಳಲ್ಲಿ, ಅಂದರೆ ನಿರ್ವಾತದ ಗಾಜಿನ ಕೊಳವೆಗಳಲ್ಲಿ, ಎರಡನ್ನೂ ಒಟ್ಟಿಗೆ ಕೊಡುವುದು ದುಸ್ಸಾಧ್ಯ. ಹಿಗ್ಗಿಸುವ ಶಕ್ತಿ ಏರಿಸಿದರೆ ವೇಗ ಕುಗ್ಗುತ್ತದೆ, ಗದ್ದಲ ಹೆಚ್ಚುತ್ತದೆ. ಹಾಗಾಗಿ ದುಬಾರಿ ಭಾಗಗಳಾದ ಪರದೆ, ಪವರ್ ಸಪ್ಲೈ, ಗೆರೆಯನ್ನು ಎಡದಿಂದ ಬಲಕ್ಕೆ ಓಡಿಸುವ ಸ್ವೀಪ್ ಎಲ್ಲವನ್ನೂ ಒಮ್ಮೆ ಕೊಂಡು, ಮುಂಭಾಗವನ್ನು ಮಾತ್ರ ಕೆಲಸಕ್ಕೆ ತಕ್ಕಂತೆ ಬದಲಿಸುವ ಉಪಾಯ.

ಆ ಪೆಟ್ಟಿಗೆಗಳಿಗೆ ಹೆಸರಿಡುವಾಗ ಟೆಕ್ಟ್ರಾನಿಕ್ಸ್ ಇಂಗ್ಲಿಷ್ ವರ್ಣಮಾಲೆಯನ್ನೇ ಖರ್ಚು ಮಾಡಿತು. ಎ ಸಾಮಾನ್ಯ ಕೆಲಸಕ್ಕೆ. ಬಿ ತುಸು ಸೂಕ್ಷ್ಮ. ಸಿ, ಆಮೇಲೆ ಸಿಎ, ಏಕಕಾಲಕ್ಕೆ ಎರಡು ಗೆರೆ. ಡಿ ಎರಡು ಸಿಗ್ನಲುಗಳ ವ್ಯತ್ಯಾಸವನ್ನಷ್ಟೇ ತೋರಿಸುವುದು. ಕೆ ವೇಗದ್ದು. ಎಂ ನಾಲ್ಕು ಗೆರೆಯದು. ಎನ್ ಸ್ಯಾಂಪ್ಲಿಂಗ್. ಕ್ಯೂ ಸ್ಟ್ರೇನ್ ಗೇಜಿಗೆ. ಝಡ್ ಕೂಡ ಬಂತು. ಮುಂದಿನವು 1ಎ1, 1ಎ2 ಎಂದು ಅಂಕಿಗಳ ಮೊರೆ ಹೋದವು.

ಇವುಗಳಲ್ಲಿ ಅತ್ಯಂತ ಸಾಮಾನ್ಯವಾಗಿ ಸಿಗುವುದು ಸಿಎ. ಅದರ ಎರಡು ಗೆರೆಗಳು ಒಂದು ಚಮತ್ಕಾರ. ಪರದೆಯ ಹಿಂದೆ ಇರುವ ಎಲೆಕ್ಟ್ರಾನ್ ಕಿರಣ ಒಂದೇ. ಸಿಎ ಅದನ್ನು ಸೆಕೆಂಡಿಗೆ ಸುಮಾರು ಒಂದು ಲಕ್ಷ ಸಲ ಈ ಸಿಗ್ನಲಿನಿಂದ ಆ ಸಿಗ್ನಲಿಗೆ ಹಾರಿಸುತ್ತದೆ, ಅಥವಾ ಒಂದು ಸ್ವೀಪ್ ಇದಕ್ಕೆ ಇನ್ನೊಂದು ಅದಕ್ಕೆ ಎಂದು ಹಂಚುತ್ತದೆ. ನಮ್ಮ ಕಣ್ಣಿಗೆ ಎರಡೂ ಜೊತೆಯಲ್ಲೇ ಓಡಿದಂತೆ.

ಟೈಪ್ ಇ ಪರದೆಯ ಒಂದು ಸೆಂಟಿಮೀಟರಿಗೆ 50 ಮೈಕ್ರೋವೋಲ್ಟ್ ತೋರಿಸುತ್ತಿತ್ತು. ಒಂದು ಪೆನ್ಸಿಲ್ ಸೆಲ್ಲಿನ ಒಂದೂವರೆ ವೋಲ್ಟನ್ನು ಅದೇ ಪ್ರಮಾಣದಲ್ಲಿ ಬರೆದರೆ ಗೆರೆ 300 ಮೀಟರ್ ಎತ್ತರ ಏರಬೇಕು. ವಾಲ್ವಿನಲ್ಲಿ ಈ ಸಾಧನೆ!

ಅಷ್ಟು ಸೂಕ್ಷ್ಮವಾದಾಗ ವಾಲ್ವ್ ಮೈಕಿನಂತೆ ವರ್ತಿಸಲು ತೊಡಗುತ್ತದೆ. ಬೆರಳಿನಿಂದ ಗಾಜನ್ನು ತಟ್ಟಿದರೆ ಒಳಗಿನ ಗ್ರಿಡ್ಡು ಕಂಪಿಸಿ, ಪರದೆಯ ಗೆರೆ ನಡುಗುತ್ತದೆ.

ಈಗ ಹದಿನಾರು ಪಿನ್ನಿನ ವಿಷಯ. ಪ್ಲಗ್-ಇನ್ನಿನ ಬೆನ್ನಲ್ಲಿ ಹದಿನಾರು ಪಿನ್ನುಗಳ ಒಂದು ಕನೆಕ್ಟರ್ ಇದೆ. ನನ್ನ ಪ್ರಕಾರ ನಿಜವಾದ ಆವಿಷ್ಕಾರ ಇರುವುದು ಯಾವ ವಾಲ್ವಿನಲ್ಲೂ ಅಲ್ಲ, ಆ ಪಿನ್ನುಗಳ ಒಪ್ಪಂದದಲ್ಲಿ. ಒಳಗೆ ಬರುವ ಸಿಗ್ನಲ್ ನರದ್ದಿರಲಿ, ರೇಡಾರಿನದಿರಲಿ, ಸೇತುವೆಯ ಕಬ್ಬಿಣದ ಕಂಪನವಿರಲಿ, ಪ್ಲಗ್-ಇನ್ ಅದನ್ನು ಒಂದೇ ಅಳತೆಗೆ ಇಳಿಸಿಯೋ ಏರಿಸಿಯೋ ಕೊಡಬೇಕು: ಪರದೆಯ ಪ್ರತಿ ಸೆಂಟಿಮೀಟರಿಗೆ 100 ಮಿಲಿವೋಲ್ಟ್, ಎರಡು ತಂತಿಗಳ ನಡುವಿನ ವ್ಯತ್ಯಾಸವಾಗಿ, ಆ ಎರಡೂ ತಂತಿಗಳು ಸುಮಾರು 67.5 ವೋಲ್ಟಿನ ಎತ್ತರದಲ್ಲಿ ನಿಂತಿರಬೇಕು. ಪ್ರತಿಯಾಗಿ ದೊಡ್ಡ ಪೆಟ್ಟಿಗೆ ಸ್ಥಿರವಾದ ವಿದ್ಯುತ್ ಪೂರೈಸುತ್ತದೆ. ಇಷ್ಟೇ ಕರಾರು. ಈ ಕರಾರು ಪಾಲಿಸುವ ಯಾವ ಪೆಟ್ಟಿಗೆಯನ್ನು ಬೇಕಾದರೂ ತೂರಿಸಬಹುದು. 1954ರ ಪ್ಲಗ್-ಇನ್ 1964ರ ಮಾಡೆಲಿಗೂ ಸೇರುತ್ತಿತ್ತು. 580 ಸರಣಿಯಲ್ಲಿ ಬಾಯಿಯ ವಿನ್ಯಾಸವೇ ಬದಲಾದಾಗ ಹಳೆಯ ಗಿರಾಕಿಗಳನ್ನು ಕೈಬಿಡದೆ, ನಡುವೆ ತೂರಿಸಲು ಟೈಪ್ 81 ಎಂಬ ಅಡಾಪ್ಟರ್ ಮಾಡಿಕೊಟ್ಟರು. ಒಂದು ಕಾಲಕ್ಕೆ ಪದೇಪದೇ ಚಾರ್ಜರಿನ ಬಾಯಿ ಬದಲಿಸುತ್ತಿದ್ದ ಫೋನ್ ಕಂಪನಿಗಳ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ.

ಮೇನ್ಸಿನ ಎಸಿ ಕರೆಂಟಿನಲ್ಲಿ ವಾಲ್ವಿನ ಫಿಲಮೆಂಟ್ ಕಾಯಿಸಿದರೆ ಆ ಗುಂಯ್‌ಗುಡುವಿಕೆ ಸಿಗ್ನಲಿಗೂ ತಗಲುತ್ತದೆ. ಸ್ಪೀಕರಿನಲ್ಲಾದರೆ ಕಿವಿಗೆ ಕಿರಿಕಿರಿ, ಅಷ್ಟೆ. ಆಸಿಲೋಸ್ಕೋಪಿನಲ್ಲಿ ಅದು ಸುಳ್ಳು ಅಳತೆ. ಹಾಗಾಗಿ ಪ್ಲಗ್-ಇನ್ನಿನ ಸೂಕ್ಷ್ಮ ಹಂತಗಳ ಫಿಲಮೆಂಟುಗಳನ್ನು ಒಂದರ ಹಿಂದೊಂದು ಪೋಣಿಸಿ 75 ವೋಲ್ಟಿನ ಸ್ಥಿರ ಡಿಸಿ ಕೊಡುತ್ತಿದ್ದರು. ಗಣಪತಿ ಹಬ್ಬದ ಸೀರಿಯಲ್ ಸೆಟ್ಟಿನ ಹಾಗೆ ಒಂದು ಹೋದರೆ ಸಾಲಿನಲ್ಲಿದ್ದವೆಲ್ಲ ಆರುತ್ತವೆ. ರಿಪೇರಿಗೆ ಕೂತವನು ಮೊದಲು ನೋಡಬೇಕಾದದ್ದು ಇದೇ.

545ಎ ಮಾಡೆಲಿಗೆ ಟೈಪ್ ಕೆ ಹಾಕಿದರೆ 30 ಮೆಗಾಹರ್ಟ್ಸ್ ಸಿಗುತ್ತಿತ್ತು. ಅಂದರೆ ಸುಮಾರು 12 ನ್ಯಾನೋಸೆಕೆಂಡಿನಲ್ಲಿ ಏರುವ ಪಲ್ಸನ್ನು ಅದು ತೋರಿಸಬಲ್ಲದು. ಅಷ್ಟು ಹೊತ್ತಿನಲ್ಲಿ ಬೆಳಕು ಹೋಗುವ ದೂರ ಮೂರೂವರೆ ಮೀಟರ್ ಚಿಲ್ಲರೆ, ಒಂದು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ.

ಈ ವೇಗ ಪ್ಲಗ್-ಇನ್ ಒಂದರದ್ದೇ ಅಲ್ಲ. ದೊಡ್ಡ ಪೆಟ್ಟಿಗೆಯೊಳಗೆ 12ಬಿವೈ7 ವಾಲ್ವುಗಳ ಆರು ಜೋಡಿಗಳು ಸಾಲಾಗಿ ನಿಂತು ಒಂದೇ ಸಿಗ್ನಲನ್ನು ಸರದಿಯಂತೆ ಹಿಗ್ಗಿಸುತ್ತವೆ. ಒಂದೊಂದರ ಪಾಲೂ ಕ್ರಮವಾಗಿ ಮುಂದಿನದಕ್ಕೆ ಕೂಡಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಪರ್ಸಿವಲ್ 1936ರಲ್ಲೇ ಪೇಟೆಂಟ್ ಮಾಡಿದ್ದ ಈ ತಂತ್ರವನ್ನು ಇಂಜಿನಿಯರುಗಳ ಮನೆಮಾತಾಗಿಸಿದ್ದು 1948ರ ಒಂದು ಪ್ರಬಂಧ. ಅದರ ಲೇಖಕರಲ್ಲಿ ಒಬ್ಬರು ಬಿಲ್ ಹ್ಯೂಲೆಟ್, ಹ್ಯೂಲೆಟ್-ಪ್ಯಾಕಾರ್ಡಿನ ಹ್ಯೂಲೆಟ್! ಎದುರಾಳಿ ಕಂಪನಿಯ ಮಾಲೀಕ ಬರೆದದ್ದನ್ನು ಓದಿ ಟೆಕ್ಟ್ರಾನಿಕ್ಸ್ ಆಸಿಲೋಸ್ಕೋಪ್ ಪೇಟೆಯನ್ನು ಆಳಿತು.

ಪಲ್ಸ್ ಬಂದಾಗಲೇ ಸ್ವೀಪ್ ಶುರುವಾಗಬೇಕು; ಆದರೆ ಸ್ವೀಪ್ ಶುರುವಾಗುವಷ್ಟರಲ್ಲಿ ಪಲ್ಸ್ ದಾಟಿಹೋಗಿರುತ್ತದೆ. ಪರಿಹಾರ? ಸಿಗ್ನಲನ್ನೇ ಸ್ವಲ್ಪ ಹೊತ್ತು ದಾರಿ ತಪ್ಪಿಸಿ ಸುತ್ತಾಡಿಸುವುದು. ಸುರುಳಿಗಳು ಮತ್ತು ಪುಟ್ಟ ಪುಟ್ಟ ಟ್ರಿಮ್ಮರುಗಳ ಉದ್ದನೆಯ ಸಾಲೊಂದು ಸಿಗ್ನಲನ್ನು ಸೆಕೆಂಡಿನ ಐವತ್ತು ಲಕ್ಷದಲ್ಲೊಂದು ಪಾಲು ತಡೆಹಿಡಿಯುತ್ತದೆ. ಆ ಟ್ರಿಮ್ಮರುಗಳನ್ನು ಒಂದೊಂದಾಗಿ ಹೊಂದಿಸುವುದು ಶ್ರುತಿ ಗೊತ್ತಿದ್ದವರ ಕೆಲಸ. ಒಂದನ್ನು ತಿರುಗಿಸಿದರೆ ಪಕ್ಕದ್ದು ಮುನಿಯುತ್ತದೆ.

ವಾಲ್ವಿನ ಪ್ಲಗ್-ಇನ್ನೇ ವಾಲ್ವಿನ ಶತ್ರುವನ್ನು ಬೆಳೆಸಿತು. ಟೈಪ್ ಆರ್ ಇದ್ದದ್ದು ಟ್ರಾನ್ಸಿಸ್ಟರ್ ಎಷ್ಟು ಬೇಗ ಚಾಲೂ ಆಗುತ್ತದೆ ಎಂದು ಅಳೆಯಲು. ಟೈಪ್ ಎಸ್ ಡಯೋಡುಗಳನ್ನು ಪರೀಕ್ಷಿಸಲು.

ಹಾಗಿದ್ದರೂ ಟ್ರಾನ್ಸಿಸ್ಟರ್ ಬಂದ ಕೂಡಲೇ ವಾಲ್ವ್ ಯಾಕೆ ಜಾಗ ಬಿಡಲಿಲ್ಲ? ಕಾರಣ ಇನ್‌ಪುಟ್ ತುದಿಯಲ್ಲಿದೆ. ಆಸಿಲೋಸ್ಕೋಪಿನ ಬಾಯಿಯ ರೋಧ 10 ಲಕ್ಷ ಓಮ್. ಅಳೆಯುವ ಸರ್ಕ್ಯೂಟಿನಿಂದ ಅದು ಕರೆಂಟ್ ಕದಿಯಬಾರದು. ಆರಂಭದ ಟ್ರಾನ್ಸಿಸ್ಟರುಗಳು ಕದಿಯುತ್ತಿದ್ದವು. ಇನ್ನೊಂದು ಕಾರಣ ಮನುಷ್ಯರದು: ಪ್ರೋಬ್ ಜಾರಿ 300 ವೋಲ್ಟಿನ ತಂತಿಗೆ ತಗುಲಿದರೆ ವಾಲ್ವ್ ಒಂದು ಕ್ಷಣ ಬೆದರಿ ಮತ್ತೆ ಸುಧಾರಿಸಿಕೊಳ್ಳುತ್ತದೆ, ಟ್ರಾನ್ಸಿಸ್ಟರ್ ಅಲ್ಲೇ ಸಾಯುತ್ತದೆ. ವಿದ್ಯಾರ್ಥಿಗಳು ಮುಟ್ಟುವ ಲ್ಯಾಬಿಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕೇ? ಆದ್ದರಿಂದಲೇ 1960ರ ದಶಕದ ನಡುವಿನ 1ಎ1ರಂಥ ಪ್ಲಗ್-ಇನ್ನುಗಳು ಬೆರಕೆ ತಳಿ. ಒಳಗೆಲ್ಲ ಟ್ರಾನ್ಸಿಸ್ಟರ್, ಹೊಸ್ತಿಲಲ್ಲಿ ಮಾತ್ರ ಉಗುರಿನಷ್ಟು ಅಗಲದ ಲೋಹದ ವಾಲ್ವ್. ಅದರ ಹೆಸರು ನುವಿಸ್ಟರ್. ಆರ್‌ಸಿಎ 1959ರಲ್ಲಿ ಹೊರತಂದದ್ದು. ಎಫ್‌ಇಟಿ ಎಂಬ, ಕರೆಂಟ್ ಕದಿಯದ ಟ್ರಾನ್ಸಿಸ್ಟರ್ ಗಟ್ಟಿಯಾಗಿ ಕಾಲೂರುವ ತನಕ ಆ ಕಾವಲುಗಾರ ಅಲ್ಲಿಂದ ಕದಲಲಿಲ್ಲ.

ಟೈಪ್ ಒ ನೋಡಿದರೆ ನನಗೆ ಇಂದಿಗೂ ಖುಷಿ. ಅದರಲ್ಲಿ ಎರಡು ಆಪರೇಷನಲ್ ಆಂಪ್ಲಿಫೈಯರುಗಳಿದ್ದವು. ಗುಬಟು ತಿರುಗಿಸಿ ಒಂದನ್ನು ಇಂಟಿಗ್ರೇಟರ್ ಮಾಡಿ, ಇನ್ನೊಂದನ್ನು ಡಿಫರೆನ್ಷಿಯೇಟರ್ ಮಾಡಿ. ವೇಗದ ಗೆರೆ ಕೊಟ್ಟರೆ ದೂರದ ಗೆರೆ ಬರುತ್ತದೆ, ದೂರ ಕೊಟ್ಟರೆ ವೇಗ. ಪಿಯುಸಿಯ ಕ್ಯಾಲ್ಕುಲಸ್ ಪುಸ್ತಕದ ಚಿತ್ರಗಳು ಕಣ್ಣೆದುರು ತಾವಾಗಿಯೇ ಬರೆದುಕೊಳ್ಳುತ್ತವೆ. ಇವತ್ತಿನ ಹತ್ತಾರು ರೂಪಾಯಿಯ 741 ಚಿಪ್ಪಿನ ಕೆಲಸವನ್ನು ಆಗ ಬಿಸಿಯೇರಿದ ವಾಲ್ವುಗಳು ಮಾಡುತ್ತಿದ್ದವು.

545ಎ ತೂಕ ಸುಮಾರು 30 ಕಿಲೋ, ವಿದ್ಯುತ್ ಖರ್ಚು ಸುಮಾರು 500 ವ್ಯಾಟ್. ಎರಡು ಕಿರಣಗಳ 555 ಎರಡು ಪ್ಲಗ್-ಇನ್ ನುಂಗುತ್ತಿತ್ತು, ಪವರ್ ಸಪ್ಲೈಯೇ ಪ್ರತ್ಯೇಕ ಪೆಟ್ಟಿಗೆ, ಖರ್ಚು ಒಂದು ಕಿಲೋವ್ಯಾಟಿನ ಆಸುಪಾಸು. ಅದಕ್ಕೆಂದೇ ಚಕ್ರದ ಗಾಡಿ ಮಾರುತ್ತಿದ್ದರು. ಐರೋಲಿಯ ಮೇ ತಿಂಗಳಲ್ಲಿ ಫ್ಯಾನಿಲ್ಲದ ಕೋಣೆಯಲ್ಲಿ ಅದರ ಪಕ್ಕ ಕೂರುವ ಧೈರ್ಯ ನನಗಂತೂ ಇಲ್ಲ.

ಖಾಡಿ ದಾಟಿ ಬನ್ನಿ. ಐರೋಲಿಯಿಂದ ತುಸು ದಕ್ಷಿಣಕ್ಕೆ, ಠಾಣೆ ಖಾಡಿಯ ಆಚೆ ದಂಡೆಯಲ್ಲಿ ಟ್ರಾಂಬೆ ಇದೆ. 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರ್ ಅಲ್ಲಿ ಚಾಲೂ ಆಯಿತು. ಆ ತಂಡದಲ್ಲಿದ್ದ ತುಮಕೂರಿನ ರಾಜಾ ರಾಮಣ್ಣ ಮುಂದೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಅಣುವಿಜ್ಞಾನದ ಮಾಪನವೆಂದರೆ ಕ್ಷಣಾರ್ಧದಲ್ಲಿ ಬಂದು ಮಾಯವಾಗುವ ಸಣ್ಣ ಪಲ್ಸುಗಳನ್ನು ಹಿಡಿಯುವುದು, ಹಿಗ್ಗಿಸುವುದು, ಎಣಿಸುವುದು. ಆ ದಿನಗಳಲ್ಲಿ ಆ ಕೆಲಸಕ್ಕೆ ವಾಲ್ವ್ ಬಿಟ್ಟರೆ ಗತಿಯಿರಲಿಲ್ಲ.

ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಕಟ್ಟಿದ ಟಿಫ್ರಾಕ್ ಕಂಪ್ಯೂಟರಿನಲ್ಲಿ 2,700 ವಾಲ್ವುಗಳು, 1,700 ಜರ್ಮೇನಿಯಂ ಡಯೋಡುಗಳು, 12,500 ರೆಸಿಸ್ಟರುಗಳು. 1960ರ ಫೆಬ್ರವರಿಯಲ್ಲಿ ಬಳಕೆಗೆ ಬಂತು; ಹೆಸರಿಟ್ಟದ್ದು 1962ರಲ್ಲಿ ನೆಹರೂ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದು: ಗ್ರಾಫ್ ಮತ್ತು ಅಕ್ಷರ ತೋರಿಸಲು ಅದಕ್ಕೊಂದು ಕ್ಯಾಥೋಡ್ ರೇ ಟ್ಯೂಬಿನ ಪರದೆಯೂ ಇತ್ತು, ಆಸಿಲೋಸ್ಕೋಪಿನ ಖಾಸಾ ಸೋದರ.

ಅದೇ ಸಂಸ್ಥೆಗೆ 1948ರಲ್ಲಿ ಬಂದು ಸೇರಿದ ಕನ್ನಡಿಗರೊಬ್ಬರ ಕತೆ ಈ ಅಂಕಣಕ್ಕೆ ಹೇಳಿ ಮಾಡಿಸಿದಂತಿದೆ. ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ., ವಿಶೇಷ ವಿಷಯ ವೈರ್‌ಲೆಸ್. ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ವಿಭಾಗದಲ್ಲಿ ಒಂದು ವರ್ಷ. ಟಿಐಎಫ್‌ಆರ್ ನಿರ್ದೇಶಕ ಹೋಮಿ ಭಾಭಾ ಈ ಶ್ರೀಕಂಠನ್ ಅವರನ್ನು ಕೋಲಾರ ಚಿನ್ನದ ಗಣಿಗಿಳಿಸಿದರು: ನೆಲದಾಳಕ್ಕೆ ಇಳಿದಂತೆ ವಿಶ್ವಕಿರಣಗಳ ಮ್ಯುಆನ್ ಕಣಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯಲು. 1951ರಲ್ಲಿ ಆರಂಭವಾದ ಆ ಕೆಲಸ ದಶಕಗಳ ಕಾಲ ನಡೆಯಿತು. 1965ರಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಟಿಐಎಫ್‌ಆರ್ ಜೊತೆಗೆ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರು ಸೇರಿದ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊದ ಜಾಡು ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು. ಕೋಲಾರದ ಉಪಕರಣದಲ್ಲಿ ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ಕನ್ನು ನೋಡುತ್ತಿದ್ದದ್ದು ಫೋಟೊಮಲ್ಟಿಪ್ಲೈಯರ್. ಅದೂ ಒಂದು ವಾಲ್ವೇ, ಒಳಗೆ ನಿರ್ವಾತವಿರುವ ಗಾಜಿನ ಕೊಳವೆ. ಶ್ರೀಕಂಠನ್ 1975ರಿಂದ 1987ರವರೆಗೆ ಟಿಐಎಫ್‌ಆರ್ ನಿರ್ದೇಶಕರಾಗಿದ್ದರು, 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ವೈರ್‌ಲೆಸ್ ಓದಿದವನು ರೇಡಿಯೋ ರಿಪೇರಿಗಷ್ಟೇ ಲಾಯಕ್ಕು ಎನ್ನುವ ಕಾಲವದು, ನೆನಪಿಡಿ.

ವಾಲ್ವುಗಳು ನಮ್ಮಲ್ಲೇ ತಯಾರಾದವೇ? ಹೌದು, ಜಾಲಹಳ್ಳಿಯಲ್ಲಿ. 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರಿಸೀವಿಂಗ್ ವಾಲ್ವ್ ತಯಾರಿಸತೊಡಗಿತು. ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರಿನಂಥ ಅರೆವಾಹಕಗಳನ್ನೂ ಶುರುಮಾಡಿತು. ವಾಲ್ವ್ ಮತ್ತು ಅದರ ಉತ್ತರಾಧಿಕಾರಿ ಒಂದೇ ಕಾಂಪೌಂಡಿನಲ್ಲಿ ಒಂದು ವರ್ಷದ ಅಂತರದಲ್ಲಿ ಕಣ್ಣುಬಿಟ್ಟ ಊರು ಬೆಂಗಳೂರು. 1970ರಲ್ಲಿ ಕಪ್ಪುಬಿಳುಪು ಟಿವಿಯ ಪಿಕ್ಚರ್ ಟ್ಯೂಬೂ ಅಲ್ಲಿಂದಲೇ ಬಂತು.

ಆದರೆ ರೇಡಿಯೋ ಅಂಗಡಿಯ ವಾಲ್ವನ್ನು ತಂದು ಪ್ಲಗ್-ಇನ್ನಿಗೆ ಚುಚ್ಚಿದರೆ ಸರಿಹೋಗುತ್ತದೆ ಎಂಬ ಭರವಸೆಯಿಲ್ಲ. ಟೆಕ್ಟ್ರಾನಿಕ್ಸ್ ಕೊಂಡ ವಾಲ್ವುಗಳನ್ನು ಪರೀಕ್ಷಿಸಿ, ಆಯ್ದು, ಜೋಡಿ ಹೊಂದಿಸಿ ಇಡುತ್ತಿತ್ತು. ಆಯ್ದವಕ್ಕೆ 157ರಿಂದ ಶುರುವಾಗುವ ನಂಬರ್, ಸಾಮಾನ್ಯದವಕ್ಕೆ 154. ಇಂದು ಹಾಡು ಕೇಳುವ ಹುಚ್ಚಿರುವವರು ಟೆಕ್ಟ್ರಾನಿಕ್ಸ್ ಮುದ್ರೆಯ 6ಡಿಜೆ8 ವಾಲ್ವಿಗಾಗಿ ಒಳ್ಳೆಯ ಪ್ಲಗ್-ಇನ್ನುಗಳ ಹೊಟ್ಟೆ ಬಗೆಯುತ್ತಾರೆ. ಆಸಿಲೋಸ್ಕೋಪ್ ಪ್ರಿಯರಿಗೆ ಇದು ಆನೆಯನ್ನು ದಂತಕ್ಕಾಗಿ ಕೊಂದ ಹಾಗೆ ಅನಿಸುತ್ತದಂತೆ. ನಾನೂ ಅವರ ಪಕ್ಷ.

ಟೆಕ್ಟ್ರಾನಿಕ್ಸ್ ಕೈಪಿಡಿಯಲ್ಲಿ ಇಡೀ ಸರ್ಕ್ಯೂಟಿನ ನಕ್ಷೆ, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂಬ ಲೆಕ್ಕ, ಹೊಂದಾಣಿಕೆಯ ಹಂತಗಳು ಎಲ್ಲ ಅಚ್ಚಾಗಿರುತ್ತಿದ್ದವು. ಕೆಲವು ನಕ್ಷೆಗಳ ಮೂಲೆಯಲ್ಲಿ ಚಿತ್ರಕಾರರು ಪುಟ್ಟ ಕಾರ್ಟೂನ್ ಬರೆದು ತಮಾಷೆ ಮಾಡಿದ್ದಾರೆ. ಇಂದಿನ ಉಪಕರಣದ ಜೊತೆ ಸಿಗುವುದು ಹನ್ನೆರಡು ಭಾಷೆಯ ಎಚ್ಚರಿಕೆ ಮತ್ತು ಒಂದು ಕ್ಯುಆರ್ ಕೋಡ್.

ವಾಲ್ವ್ ಯುಗದ ಅತಿ ವೇಗದ ಟೆಕ್ಟ್ರಾನಿಕ್ಸಿನಲ್ಲಿ ಯಾವ ಆಂಪ್ಲಿಫೈಯರ್ ಇತ್ತು? ಯಾವುದೂ ಇರಲಿಲ್ಲ! 1961ರ 519 ಮಾಡೆಲ್ ಒಂದು ಗಿಗಾಹರ್ಟ್ಸ್ ತೋರಿಸುತ್ತಿತ್ತು. ಅಷ್ಟು ವೇಗದ ವಾಲ್ವ್ ವರ್ಧಕ ಕಟ್ಟಲಾಗದೆ, ಸಿಗ್ನಲನ್ನು ನೇರ ಪರದೆಯ ಟ್ಯೂಬಿಗೇ ಕೊಟ್ಟರು. ಗೆರೆ ಒಂದು ಸೆಂಟಿಮೀಟರ್ ಏರಬೇಕಾದರೆ ಹತ್ತಿರ ಹತ್ತಿರ ಹತ್ತು ವೋಲ್ಟ್ ಬೇಕು. ಅಷ್ಟು ದೊಡ್ಡ, ಅಷ್ಟು ವೇಗದ ಸಿಗ್ನಲ್ ಯಾರ ಬಳಿ ಇತ್ತು? ಮುಖ್ಯವಾಗಿ ಅಣುಬಾಂಬ್ ಪರೀಕ್ಷಿಸುವವರ ಬಳಿ.

ಕರಾವಳಿಯ ತೇವದಲ್ಲಿ ಇವುಗಳ ಗತಿ? ವಾಲ್ವುಗಳಿಗೇನೂ ಆಗುವುದಿಲ್ಲ. ಕೈಕೊಡುವುದು ಪರದೆಗೆ ಹತ್ತು ಸಾವಿರ ವೋಲ್ಟಿನಂತೆ ಕೊಡುವ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್. 547ರಂಥ 1960ರ ದಶಕದ ಕೆಲವು ಮಾಡೆಲುಗಳಲ್ಲಿ ಅದಕ್ಕೆ ಬಳಿದ ಎಪಾಕ್ಸಿ ಕಾಲಕ್ರಮೇಣ ಕೆಡುತ್ತದೆ. ಆಮೇಲೆ ಸ್ವಿಚ್ ಹಾಕಿದಾಗ ಗೆರೆ ಚೆನ್ನಾಗಿಯೇ ಬಂದು, ಪೆಟ್ಟಿಗೆ ಬಿಸಿಯಾದಂತೆ ಚಿತ್ರ ಮಂಕಾಗುತ್ತ, ಊದಿಕೊಳ್ಳುತ್ತ ಮಾಯವಾಗುತ್ತದೆ. ಮಾರುವವರು ಐದು ನಿಮಿಷ ತೋರಿಸಿ ಆರಿಸಿಬಿಡುತ್ತಾರೆ. ಕೊಳ್ಳುವವರು ಒಂದು ತಾಸು ಅಲ್ಲೇ ಚಹಾ ಕುಡಿಯುತ್ತ ಕೂರಬೇಕು.

ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲೋ ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಅಂಥದ್ದು ಕಣ್ಣಿಗೆ ಬಿದ್ದರೆ ಪಕ್ಕದ ತಗಡು ತೆಗೆಸಿ ಒಳಗೆ ನೋಡಿ. ಬಿಳಿ ಪಿಂಗಾಣಿ ಪಟ್ಟಿಗಳ ಹಲ್ಲುಗಳ ನಡುವೆ ಬಿಡಿಭಾಗಗಳು ಸಾಲಾಗಿ ಕೂತಿರುತ್ತವೆ. ಆ ಹಲ್ಲುಗಳಿಗೆ ತೆಳುವಾಗಿ ಬೆಳ್ಳಿ ಲೇಪಿಸಿದೆ. ಮಾಮೂಲಿ ತವರ-ಸೀಸದ ಬೆಸುಗೆ ಹಾಕಿದರೆ ಅದು ಆ ಬೆಳ್ಳಿಯನ್ನು ಕರಗಿಸಿಕೊಂಡು ಪಟ್ಟಿಯನ್ನೇ ಬೋಳು ಮಾಡುತ್ತದೆ. ಆದ್ದರಿಂದ ಶೇಕಡಾ 3ರಷ್ಟು ಬೆಳ್ಳಿ ಬೆರೆಸಿದ ಬೆಸುಗೆ ತಂತಿಯೇ ಬೇಕು. ರಿಪೇರಿ ಮಾಡುವವನು ಅದನ್ನು ಎಲ್ಲಿ ಹುಡುಕುತ್ತಾನೆಂದು ಕಾರ್ಖಾನೆಯವರೇ ಒಂದು ಸಣ್ಣ ಸುರುಳಿಯನ್ನು ಆಸಿಲೋಸ್ಕೋಪಿನ ಒಳಗೋಡೆಗೆ ಸಿಕ್ಕಿಸಿ ಕಳಿಸುತ್ತಿದ್ದರು. ಸುರುಳಿ ಅರ್ಧ ಖರ್ಚಾಗಿದ್ದರೆ ಹಿಂದಿನ ಯಜಮಾನ ತಿಳಿದವನು, ಬೆಲೆ ಮಾತಾಡಿ. ಪಟ್ಟಿಗಳ ಬೆಳ್ಳಿ ಎದ್ದುಹೋಗಿ ಮೇಲೆಲ್ಲ ಮಾಮೂಲಿ ಬೆಸುಗೆಯ ಗಡ್ಡೆ ಕಂಡರೆ ತಗಡು ಮುಚ್ಚಿಸಿ ಮುಂದಿನ ಅಂಗಡಿಗೆ ಹೋಗಿ. ಅಂದಹಾಗೆ, ಸ್ವಿಚ್ ಆರಿಸಿ ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ನೋಡುವಾಗ ಒಂದು ಕೈ ಜೇಬಿನಲ್ಲಿರಲಿ.